ಕೊಳಕ್ಕೆ ಬಿಟ್ಟ ಗಿಡ

ಫೆಬ್ರವರಿ ೩

ಮಣ್ಣಮ್ಮನಿಗೆ,

ಕವರಿನ ಮೇಲಿನ ಅಕ್ಷರ ನೋಡಿಯೇ ನೀನು ಇದನ್ನು ಒಲೆಗೆ ಹಾಕದಿದ್ದರೆ ಅದೇ ದೊಡ್ಡದು. ಮೂರು ವರ್ಷ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿದ್ದೇನೆ. ನಿನ್ನ ತಂಗಿಯ ಮನೆಯ ವಿಳಾಸ ನನ್ನ ಹಳೆಯ ಡೈರಿಯಲ್ಲಿತ್ತು. ನೀನೇ ಬರೆದುಕೊಟ್ಟದ್ದು, ಪುಟದ ತುಂಬ ನಿನ್ನ ಹೆಬ್ಬೆರಳಿನ ಮಣ್ಣು. ನೀನು ಅಲ್ಲೇ ಇರಬಹುದು ಎಂಬ ನಂಬಿಕೆಯಿಂದ ಕಳಿಸುತ್ತಿದ್ದೇನೆ.

ಅಮ್ಮ ಗಟ್ಟಿಯಾಗಿದ್ದಾಳೆ. ಕಿವಿ ಪೂರ್ತಿ ಹೋಗಿದೆ, ಬಾಯಿ ಹೋಗಿಲ್ಲ. "ಆ ನರ್ಸರಿಯವಳು ಯಾಕೇ ಬರಲ್ಲ? ಜಗಳ ಆಡಿದ್ಯಾ?" ಎಂದು ತಿಂಗಳಿಗೊಮ್ಮೆಯಾದರೂ ಕೇಳುತ್ತಾಳೆ. ನಾನು ಏನು ಹೇಳಿದರೂ ಅವಳಿಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ.

ವಿಷಯಕ್ಕೆ ಬರುತ್ತೇನೆ. ನಮ್ಮ ನಿಸರ್ಗಧಾಮದ ದೊಡ್ಡ ಕೊಳವನ್ನು ಈಗ ನೋಡಿದರೆ ನೀನು ಗುರುತು ಹಿಡಿಯಲಾರೆ. ನೀರೇ ಕಾಣುವುದಿಲ್ಲ. ಈ ದಡದಿಂದ ಆ ದಡಕ್ಕೆ ಅಂತರಗಂಗೆ, ಮೊಣಕಾಲೆತ್ತರ, ನೇರಳೆ ಹೂವು ಬಿಟ್ಟುಕೊಂಡು ನಿಂತಿದೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, "ಎಷ್ಟು ಚೆಂದ ಬೆಳೆಸಿದ್ದೀರಿ" ಎಂದು ಮೇಲ್ವಿಚಾರಕಿಯಾದ ನನಗೇ ಹೇಳಿ ಹೋಗುತ್ತಾರೆ. ಅಡಿಯಲ್ಲಿ ಮೀನು ಉಸಿರುಕಟ್ಟಿ ಸಾಯುತ್ತಿವೆ. ನೀರುಕೋಳಿಗಳು ಹೋದ ವರ್ಷವೇ ಜಾಗ ಖಾಲಿ ಮಾಡಿದವು. ಪಕ್ಕದ ಮೇಲ್ಸೇತುವೆಯಲ್ಲಿ ಕಾರು ನಿಲ್ಲಿಸಿ ಜನ ಎಸೆಯುವ ಚೀಲ, ಬಾಟಲಿ, ಮಕ್ಕಳ ಡೈಪರು ಮೊದಲೆಲ್ಲ ತೇಲಿಕೊಂಡು ದಡಕ್ಕೆ ಬರುತ್ತಿದ್ದವು. ನಮ್ಮ ಉದ್ದಣ್ಣ ತನ್ನ ಬಿದಿರ ಗಳ ಹಿಡಿದು ಎಳೆದು ಹಾಕುತ್ತಿದ್ದ. ಈಗ ಅವು ಗಿಡದ ಮೇಲೆಯೇ ಕೂರುತ್ತವೆ, ಗಿಡ ಅವುಗಳ ಸುತ್ತ ಬೆಳೆಯುತ್ತದೆ. ಗುಡ್ಡದ ಕಡೆ ಲಂಟಾನ ಕಳೆ ಹಬ್ಬಿರುವುದು ಇನ್ನೊಂದು ಕಥೆ, ಅದನ್ನು ಬಿಡು.

ಕಳೆದ ತಿಂಗಳು ಒಂದು ಭಾನುವಾರ ಕಸ ಹೆಕ್ಕಲು ಸ್ವಯಂಸೇವಕರು ಬಂದಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಅರ್ಧ ಜನ ಚೀಲ ಹಿಡಿದು ಪಟ ತೆಗೆಸಿಕೊಂಡರು. ಒಬ್ಬಳು ಕಾಲೇಜು ಹುಡುಗಿ, ಪಾಪ, ನಿಜವಾಗಿಯೂ ಹೆಕ್ಕುತ್ತಿದ್ದಳು. ಗಿಡದ ಮೇಲಿದ್ದ ಬಾಟಲಿ ತೆಗೆಯಲು ಎರಡು ಹೆಜ್ಜೆ ಮುಂದಿಟ್ಟಳು. ಹುಲ್ಲುನೆಲ ಎಂದುಕೊಂಡಳಂತೆ. ನೋಡುತ್ತಿದ್ದ ಹಾಗೆ ಟೋಪಿ ಮಾತ್ರ ಉಳಿಯಿತು. ಉದ್ದಣ್ಣ ಗಳವನ್ನು ಗಿಡದ ಮೇಲೆ ಅಡ್ಡ ಹಾಕಿ, ಅದರ ಮೇಲೆ ಹೊಟ್ಟೆಯಲ್ಲಿ ತೆವಳಿ, ಕೂದಲು ಹಿಡಿದು ಅವಳನ್ನು ಎತ್ತಿದ. ಆ ವಯಸ್ಸಿನಲ್ಲಿ! ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿದಳು.

ಈಗ ಮೇಲಿನವರಿಗೆ ಎಚ್ಚರವಾಗಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗೆ. ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಿದ್ದಾರೆ. ಆತನ ಮೊದಲ ಪ್ರಶ್ನೆಯೇ, "ಈ ಗಿಡ ಇಲ್ಲಿಗೆ ಹೇಗೆ ಬಂತು? ಹೊರಗಿನ ನೀರು ಈ ಕೊಳಕ್ಕೆ ಬರೋದೇ ಇಲ್ವಲ್ಲ, ಯಾರೋ ತಂದು ಬಿಟ್ಟಿರ್ಬೇಕು" ಎಂದು. ಹಳೆಯ ಕಡತ ನೋಡಿ ಹೇಳುತ್ತೇನೆ ಎಂದಿದ್ದೇನೆ.

ಈ ಗಿಡದ ವಿಷಯ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನಿನ್ನ ತೊಟ್ಟಿಗಳಲ್ಲಿ ಇರುತ್ತಿತ್ತಲ್ಲ. ಹೇಗೆ ಬಂದಿರಬಹುದು ಎಂದು ನಿನಗೇನಾದರೂ ತೋಚಿದರೆ ಬರೆ.

ನಿನ್ನ,
ದೊರೆಸಾನಿ


ಫೆಬ್ರವರಿ ೧೯

ದೊರೆಸಾನಿ,

ಒಲೆಗೆ ಹಾಕಲಿಲ್ಲ. ಹಾಕಿದರೆ ಆಮೇಲೆ ಬೂದಿ ಒರೆಸುವವಳೂ ನಾನೇ. ತಂಗಿಯ ಮನೆಯ ಹಾಲಿನಲ್ಲಿ ನನಗೊಂದು ಸೋಫಾ ಕೊಟ್ಟಿದ್ದಾರೆ. ಬೆಳಿಗ್ಗೆ ಅವಳ ಗಂಡ ಪೇಪರು ಓದಲು ಬರುವ ಮೊದಲು ಎದ್ದು ಹೊದಿಕೆ ಮಡಿಸಿಡಬೇಕು. ಒಳ್ಳೆಯವನೇ, ಏನೂ ಅನ್ನುವುದಿಲ್ಲ. ಬಾಗಿಲ ಹತ್ತಿರ ನಿಂತು ಕೆಮ್ಮುತ್ತಾನೆ.

ಕೆಲಸ ಸಿಕ್ಕಿದೆ. ದೊಡ್ಡ ಹೋಟೆಲೊಂದರಲ್ಲಿ ಗಿಡಗಳ ಉಸ್ತುವಾರಿ. ಕೇಳಲು ಚೆಂದ ಅಲ್ಲವೇ? ನೆಲಮಹಡಿಯಿಂದ ಐದನೇ ಮಹಡಿವರೆಗೆ ಮುನ್ನೂರಕ್ಕೂ ಹೆಚ್ಚು ಗಿಡ, ಎಲ್ಲವೂ ಪ್ಲಾಸ್ಟಿಕ್ಕು. ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸುತ್ತೇನೆ. ಕೊನೆಯ ಗಿಡ ಮುಗಿಯುವ ಹೊತ್ತಿಗೆ ಮೊದಲನೆಯದರ ಮೇಲೆ ಧೂಳು ಕೂತಿರುತ್ತದೆ. ಮೊದಲ ವಾರ ಕೈ ಅಭ್ಯಾಸಕ್ಕೆ ಒಂದರ ಬುಡಕ್ಕೆ ನೀರು ಹಾಕಿಬಿಟ್ಟೆ. ಮ್ಯಾನೇಜರು ಓಡಿ ಬಂದ. "ಏನಮ್ಮಾ, ತಲೆ ಸರಿ ಇದ್ಯಾ? ಕಾರ್ಪೆಟ್ಟು ಹಾಳಾಯ್ತಲ್ಲ!" ಅಂದ. ತಲೆ ಸರಿ ಇಲ್ಲ ಸಾರ್, ನರ್ಸರಿ ಇಟ್ಟಿದ್ದವಳು ಅಂದೆ. ಅವನಿಗೆ ಅರ್ಥವಾಗಲಿಲ್ಲ.

ನಿನ್ನ ಕಾಗದ ಓದಿ ನನಗೆ ನೆನಪಾದದ್ದು ನಿನ್ನ ಇನ್ನೊಂದು ಬರಹ. "ಗೇಟಿನ ಎರಡೂ ಬದಿಯ ಅಂಗಡಿಗಳನ್ನು ತೆರವುಗೊಳಿಸಿದರೆ ನಿಸರ್ಗಧಾಮದೊಳಗಿನ ಕಸ ಅರ್ಧದಷ್ಟು ಕಡಿಮೆಯಾಗುತ್ತದೆ." ಅಧಿಕಾರಿಗಳು ಅದರ ಪ್ರತಿಯನ್ನು ನನ್ನ ನರ್ಸರಿ ಎತ್ತಿಸಲು ಕೊಟ್ಟ ನೋಟೀಸಿಗೇ ಲಗತ್ತಿಸಿದ್ದರು. ಕೆಳಗೆ ನಿನ್ನ ಸಹಿ, ಅಂಕುಡೊಂಕಿಲ್ಲದ ಚೆಂದದ ಸಹಿ. ಚಹಾದವನು ಹೋದ, ಐಸ್‌ಕ್ರೀಮಿನವನು ಹೋದ, ಸರಿ. ನಾನು ಯಾವ ಕಸ ಹಾಕಿದ್ದೆ? ಇಪ್ಪತ್ತೆರಡು ವರ್ಷ ನಿನ್ನ ಪಾರ್ಕಿನ ಬಿದ್ದ ಎಲೆ ಗುಡಿಸಿ ಗೊಬ್ಬರ ಮಾಡಿದವಳು ನಾನು. "ನಿನ್ನದು ಬಿಡ್ತಾರೆ ಅಂದ್ಕೊಂಡೆ ಕಣೇ" ಎಂದು ಆಮೇಲೆ ನೀನು ಅಂದೆ. ಅಂದುಕೊಂಡದ್ದನ್ನು ವರದಿಯಲ್ಲಿ ಬರೆಯಲು ಅರ್ಧ ಸಾಲು ಸಾಕಾಗಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದು ನಿನ್ನ ಹಳೆಯ ಚಾಳಿ.

ಅಂಗಡಿ ಎತ್ತಿಸಿದ ಮೇಲೆ ಕಸ ಅರ್ಧ ಆಯಿತೇ?

ಅದಿರಲಿ. ಎರಡು ಹಾಳೆ ಬರೆದಿದ್ದೀಯ, ಬರೆಯಬೇಕಾದ ಒಂದು ಮಾತು ಬಿಟ್ಟಿದ್ದೀಯ. ನಾನು ಊರು ಬಿಟ್ಟ ದಿನ ನಿನ್ನ ಆಫೀಸಿನ ಕಿಟಕಿಯಲ್ಲಿ ಮಣ್ಣಿನ ಬೋಗುಣಿಯೊಂದನ್ನು ಇಟ್ಟು ಬಂದಿದ್ದೆ. ಅದರಲ್ಲಿ ಒಂದು ಗಿಡ ಇತ್ತು. ಅದನ್ನೇನು ಮಾಡಿದೆ?

ಮಣ್ಣಮ್ಮ


ಮಾರ್ಚ್ ೮

ಮಣ್ಣಮ್ಮ,

ಕಸ ಅರ್ಧ ಆಗಲಿಲ್ಲ. ಜನ ಈಗ ಮನೆಯಿಂದಲೇ ತರುತ್ತಾರೆ.

ನಿನ್ನ ಪ್ರಶ್ನೆಗೆ ಉತ್ತರ ನಿನಗೆ ಗೊತ್ತಿದೆ, ನನ್ನ ಬಾಯಿಂದ ಕೇಳಬೇಕು ಅಷ್ಟೇ. ಹೌದು, ಕೊಳಕ್ಕೆ ಬಿಟ್ಟವಳು ನಾನು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಬಂದೆ. ನಿನ್ನ ಜಾಗದಲ್ಲಿ ಇಟ್ಟಿಗೆ, ಒಡೆದ ಕುಂಡ, ಹರಿದ ಹಸಿರು ಬಲೆ ಬಿಟ್ಟರೆ ಏನೂ ಇರಲಿಲ್ಲ. ಕಿಟಕಿಯಲ್ಲಿ ಬೋಗುಣಿ. ಚೀಟಿ ಇದೆಯೇ ಎಂದು ಕೆಳಗೆ, ಹಿಂದೆ, ಎಲ್ಲ ಕಡೆ ಹುಡುಕಿದೆ, ಇರಲಿಲ್ಲ. ಒಂದು ವಾರ ಮೇಜಿನ ಮೇಲೆ ಇಟ್ಟುಕೊಂಡೆ. ಅದು ದಿನಕ್ಕೊಂದು ಹೂವು ಬಿಡುತ್ತಿತ್ತು, ನಾನು ತಲೆ ಎತ್ತಿದಾಗಲೆಲ್ಲ ಎದುರಿಗೇ ಇರುತ್ತಿತ್ತು. ಎಂಟನೆಯ ದಿನ ತಡೆಯಲಾಗಲಿಲ್ಲ. ಕಸದ ಡಬ್ಬಕ್ಕೆ ಹಾಕೋಣ ಎಂದು ಎತ್ತಿಕೊಂಡು ಹೋದೆ. ಡಬ್ಬದ ಬಾಯಿ ತನಕ ಹೋಗಿ ಕೈ ಬರಲಿಲ್ಲ. ನಿನ್ನನ್ನೇ ಕಸಕ್ಕೆ ಹಾಕಿದ ಹಾಗೆ ಆಯಿತು. ಈಗಾಗಲೇ ಒಂದು ಸಲ ಹಾಕಿಯಾಗಿತ್ತಲ್ಲ. ಬದುಕಿಕೊಳ್ಳಲಿ ಎಂದು ಜೊಂಡಿನ ಮರೆಯಲ್ಲಿ ನೀರಿಗೆ ಬಿಟ್ಟೆ. ಒಂದೇ ಗಿಡ, ಬಾತುಗಳು ತಿಂದುಬಿಡುತ್ತವೆ, ಬೇಸಿಗೆಗೆ ಒಣಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ವರ್ಷಕ್ಕೆ ಎರಡು ಸಲ ಕೆಲಸದವರನ್ನು ಕೂರಿಸಿಕೊಂಡು "ಹೊರಗಿನ ಗಿಡ ಯಾವುದನ್ನೂ ನೀರಿಗೆ ಬಿಡಬಾರದು" ಎಂದು ಪಾಠ ಹೇಳುವವಳು ನಾನೇ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಅಧಿಕಾರಿ ಹಳೆಯ ಕಡತ ತೆಗೆಸಿದ್ದಾನೆ. ಸುತ್ತಮುತ್ತ ಈ ಗಿಡ ಇದ್ದದ್ದು ನಿನ್ನ ನರ್ಸರಿಯಲ್ಲಿ ಮಾತ್ರ ಎಂದು ಅವನಿಗೆ ತಿಳಿದಿದೆ. ನಿನ್ನ ವಿಳಾಸ ಕೇಳಿದ. ಹೇಳಿಕೆಯನ್ನು ನಾನೇ ತರಿಸಿಕೊಡುತ್ತೇನೆ ಎಂದೆ. ಅವನೂ ಕೆಲಸ ಕಡಿಮೆಯಾಯಿತು ಎಂದು ಒಪ್ಪಿದ.

ಅದಕ್ಕೇ ಕೇಳುತ್ತಿದ್ದೇನೆ. ನನಗೆ ನೀನು ಯಾವ ಗಿಡವನ್ನೂ ಕೊಟ್ಟಿಲ್ಲ ಎಂದು ಬರೆದುಕೊಡು. ಎರಡು ಸಾಲು, ಕೆಳಗೊಂದು ಸಹಿ. ನಿನಗೂ ಒಳ್ಳೆಯದೇ. ಬೋಗುಣಿಯ ವಿಷಯ ಹೊರಬಿದ್ದರೆ, ಜಾಗ ಕಳೆದುಕೊಂಡವಳು ಸೇಡಿಗೆ ಕೊಟ್ಟುಹೋದಳು ಎಂದೇ ಅವನು ಬರೆದುಕೊಳ್ಳುತ್ತಾನೆ. ಮುಚ್ಚುಮರೆ ಯಾಕೆ, ಒಂದೊಂದು ದಿನ ಆ ಹಸಿರನ್ನು ನೋಡುತ್ತ ನಿಂತಾಗ ನನಗೂ ಹಾಗೆ ಅನ್ನಿಸಿದ್ದಿದೆ. ಬೇಕೆಂದೇ ಇಟ್ಟುಹೋದೆಯಾ?

ನನ್ನ ಕೆಲಸ ಹೋದರೆ ಹೋಗಲಿ ಅನ್ನಬಹುದು. ಆದರೆ ನಾನು ಹೋದ ಮರುದಿನವೇ ಇಲ್ಲಿಗೆ ದೋಣಿವಿಹಾರದ ಗುತ್ತಿಗೆದಾರ ಬರುತ್ತಾನೆ. ನಕ್ಷೆ ಸಿದ್ಧವಾಗಿದೆ, ನಾನು ನೋಡಿದ್ದೇನೆ. ಜೊಂಡು ಕಿತ್ತು ದಡಕ್ಕೆಲ್ಲ ಸಿಮೆಂಟು ಹಾಕುತ್ತಾನಂತೆ. ಅಡ್ಡ ನಿಂತಿರುವುದು ನಾನೊಬ್ಬಳೇ.

ಹೊಟ್ಟೆಗೆ ಹಾಕಿಕೊ.

ದೊರೆಸಾನಿ


ಮಾರ್ಚ್ ೨೬

ದೊರೆಸಾನಿ,

ಬೇಕೆಂದೇ ಇಟ್ಟುಹೋದೆಯಾ ಎಂದು ಕೇಳಿದೆಯಲ್ಲ, ಆ ಸಾಲನ್ನು ಹತ್ತು ಸಲ ಓದಿದೆ. ಹೋಟೆಲಿನ ಮೆಟ್ಟಿಲ ಮೇಲೆ ಕೂತು ಓದಿದೆ. ನನ್ನ ಜೊತೆ ಕೆಲಸ ಮಾಡುವವಳು "ಯಾರಾದ್ರೂ ಹೋಗ್ಬಿಟ್ರಾ ಅಕ್ಕಾ?" ಎಂದು ಕೇಳಿದಳು. ಹೂಂ ಅಂದೆ.

ಆ ದಿನ ನಾನು ಬಂದದ್ದು ನಿನಗೆ ಬಾಯಿಗೆ ಬಂದಂತೆ ಬೈದು ಹೋಗಲು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನೀನು ಇರಲಿಲ್ಲ. ಬೇಗ ಬರುವ ನೀನು ಆ ದಿನ ಮಾತ್ರ ತಡ ಮಾಡಿದ್ದೆ, ನನ್ನ ಲಾರಿ ಹೊರಡಲಿ ಎಂದು ಕಾದಿದ್ದೆ ಅಂತ ನನಗೆ ಗೊತ್ತು. ಸಾಮಾನೆಲ್ಲ ಲಾರಿಗೆ ಏರಿಸಿಯಾಗಿತ್ತು. ಆ ಬೋಗುಣಿಯೊಂದು ತುಳುಕುತ್ತದೆ ಎಂದು ಕೈಯಲ್ಲೇ ಉಳಿದಿತ್ತು. ಅವತ್ತು ಅದು ಹೂವು ಬಿಟ್ಟಿತ್ತು. ಬೈಗುಳ ಇಡುವ ಜಾಗದಲ್ಲಿ ಅದನ್ನು ಇಟ್ಟು ಬಂದೆ. ನೋಡಿದರೆ ಬರೆಯುತ್ತಾಳೆ ಎಂದುಕೊಂಡೆ. ಆ ವರ್ಷವೆಲ್ಲ ಅಂಚೆಯವನ ದಾರಿ ಕಾದಿದ್ದೇನೆ, ನನಗೆ ನಾಚಿಕೆಯಿಲ್ಲ.

ಕೊಳ ಹಾಳಾದದ್ದು ನನಗೆ ಸಂತೋಷ ಅಂದುಕೊಂಡೆಯಾ? ಬೆಳಿಗ್ಗೆ ನಿನ್ನ ಜೊತೆ ಆ ದಡದಲ್ಲಿ ಕೂತು ಚಹಾ ಕುಡಿದಿದ್ದೇನೆ. ನೀರುಕೋಳಿಯ ಮರಿಗಳನ್ನು ಇಬ್ಬರೂ ಎಣಿಸುತ್ತಿದ್ದೆವು, ನಿನ್ನ ಲೆಕ್ಕಕ್ಕೆ ಯಾವಾಗಲೂ ಒಂದು ಹೆಚ್ಚು.

ಬರೆದುಕೊಡುವುದಿಲ್ಲ. ನಾನು ಕೊಟ್ಟದ್ದನ್ನು ಕೊಟ್ಟಿಲ್ಲ ಎಂದು ಹೇಳುವುದಿಲ್ಲ. ನೀನು ಮಾಡಿದ್ದನ್ನು ನೀನು ಹೋಗಿ ಹೇಳು. ಒಂದು ಗಿಡ ಬಿಟ್ಟದ್ದಕ್ಕೆ ಯಾರೂ ನಿನ್ನನ್ನು ನೇಣಿಗೆ ಹಾಕುವುದಿಲ್ಲ.

ಅಮ್ಮನಿಗೆ ನಮಸ್ಕಾರ ಹೇಳು. ಜೋರಾಗಿ ಹೇಳು.

ಮಣ್ಣಮ್ಮ


ಏಪ್ರಿಲ್ ೧೪

ಮಣ್ಣಮ್ಮ,

ನೀನು ಬೈದದ್ದು ಸರಿ. ಆ ಮಾತು ಕೇಳಬಾರದಿತ್ತು.

ಇಲ್ಲಿ ಬೇರೊಂದು ನಡೆದಿದೆ. ಅಧಿಕಾರಿ ಸುತ್ತು ಹಾಕುತ್ತ ಉದ್ದಣ್ಣನ ಕೋಣೆಯ ಹತ್ತಿರ ಹೋದ. ಹತಾರದ ಶೆಡ್ಡಿಗೆ ಅಂಟಿಕೊಂಡ ಕೋಣೆ, ನಿನಗೆ ಗೊತ್ತಲ್ಲ. ಅದರ ಮುಂದೆ ನಿನ್ನಿಂದ ಕೊಂಡ ಗಿಡಗಳನ್ನು ಅವನು ಸಾಲಾಗಿ ಇಟ್ಟುಕೊಂಡಿದ್ದಾನೆ. ಒಡೆದ ಬಕೆಟ್ಟು, ತುಕ್ಕು ಹಿಡಿದ ಡಬ್ಬ, ಎಲ್ಲದರಲ್ಲೂ ಒಂದೊಂದು ಗಿಡ. ನಿನ್ನ ನರ್ಸರಿಯ ಗುರುತಿನ ಎರಡು ತೊಟ್ಟಿಗಳೂ ಇವೆ, ನೀನು ಹೋಗುವಾಗ ಬಿಟ್ಟದ್ದನ್ನು ಅವನು ತಂದುಕೊಂಡದ್ದು. ಅಧಿಕಾರಿ ಕೇಳಿದ, "ಈ ತೊಟ್ಟಿ ನೀರನ್ನ ಎಲ್ಲಿ ಚೆಲ್ತೀಯ?" ಉದ್ದಣ್ಣ, "ಕೊಳದ ಹತ್ರಾನೇ ತೊಳೀತೀನಿ ಸಾರ್." "ಹಾಗಾದ್ರೆ ಗಿಡ ಇಲ್ಲಿಂದಾನೇ ಹೋಗಿರ್ಬಹುದಲ್ಲ?" ಉದ್ದಣ್ಣ ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿ, "ಇರ್ಬಹುದು ಸಾರ್" ಅಂದುಬಿಟ್ಟ. ಪೆದ್ದ! ಇಲ್ಲ ಅನ್ನಲು ಏನಾಗಿತ್ತು?

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮುಂದಿನ ತಿಂಗಳು ಕೊನೆಯ ವಿಚಾರಣೆ. ಅಲ್ಲಿ ಹೇಳುತ್ತೇನೆ. ಎದ್ದು ನಿಂತು ಹೇಳುವುದೆಂದು ನಿರ್ಧರಿಸಿದ್ದೇನೆ. ಅಷ್ಟರಲ್ಲಿ ನೀನು ಏನಾದರೂ ಬರೆದು ಕಳಿಸಿದರೆ, ಏನೇ ಆಗಲಿ, ನನ್ನ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಕೊಳಕ್ಕೆ ಯಂತ್ರ ಬಂದಿದೆ. ದಿನವಿಡೀ ಗಿಡ ಬಾಚಿ ದಡಕ್ಕೆ ಹಾಕುತ್ತದೆ, ಬಾಟಲಿ ಸಮೇತ. ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತದೆ, ಯಂತ್ರವನ್ನು ತೊಳೆಯದೆ ಬೇರೆ ನೀರಿಗೆ ಇಳಿಸಬೇಡಿ ಎಂದು ಚಾಲಕನಿಗೆ ಹೇಳಿದೆ. "ಆಯ್ತು ಮೇಡಂ" ಅಂದ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಮೇಲಿನ ಚಿಕ್ಕ ಕೊಳಕ್ಕೆ ಇಳಿಸಿದ್ದ. ಅಲ್ಲಿ ಒಂದೂ ಗಿಡ ಇರಲಿಲ್ಲ, ಸುಮ್ಮನೆ ಕೆಸರು ತೆಗೆಯಲು ಇಳಿಸಿದನಂತೆ.

ದೊರೆಸಾನಿ


ಮೇ ೨

ದೊರೆಸಾನಿ,

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಮೇಕೆ ಪರಿಚಯದ್ದಲ್ಲ. ಹತ್ತೊಂಬತ್ತು ವರ್ಷ ನಿನ್ನ ಹಿಂದೆ ಗಳ ಹಿಡಿದು ನಡೆದವನು ಉದ್ದಣ್ಣ. ನಿನ್ನ ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಸಿದವನು.

ಇದರೊಳಗೆ ಎರಡು ಕಾಗದ ಇಟ್ಟಿದ್ದೇನೆ. ಎರಡಕ್ಕೂ ಸಹಿ ಹಾಕಿದ್ದೇನೆ.

ಮೊದಲನೆಯದರಲ್ಲಿ ಹೀಗಿದೆ: "ಗಿಡವಿದ್ದ ಬೋಗುಣಿಯನ್ನು ನಾನೇ ಮೇಲ್ವಿಚಾರಕಿಯ ಕಿಟಕಿಯಲ್ಲಿ ಇಟ್ಟು ಬಂದೆ. ಉದ್ದಣ್ಣನಿಗೆ ಈ ಗಿಡವನ್ನು ನಾನು ಎಂದೂ ಕೊಟ್ಟಿಲ್ಲ, ಮಾರಿಲ್ಲ. ನಾನು ಬಿಟ್ಟುಹೋದ, ಅವನು ತಂದುಕೊಂಡ ತೊಟ್ಟಿಗಳು ಖಾಲಿ ಇದ್ದವು."

ಎರಡನೆಯದರಲ್ಲಿ ನೀನು ಕೇಳಿದ್ದು ಇದೆ: "ನಿಸರ್ಗಧಾಮದ ಮೇಲ್ವಿಚಾರಕಿಗೆ ನಾನು ಏನನ್ನೂ ಕೊಟ್ಟಿಲ್ಲ. ವ್ಯವಹಾರದ ಆಚೆಗೆ ಅವರ ಪರಿಚಯ ನನಗಿಲ್ಲ." ಎರಡನೇ ವಾಕ್ಯ ನೀನು ಕೇಳಿರಲಿಲ್ಲ, ನಾನೇ ಸೇರಿಸಿದೆ. ಬರೆಯುವಾಗ ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಮೊದಲನೆಯದನ್ನು ನಾನೇ ನೇರವಾಗಿ ಅಧಿಕಾರಿಗೆ ಕಳಿಸಬಹುದಿತ್ತು. ಕಳಿಸುವುದಿಲ್ಲ. ನೀನು ಯಾವುದನ್ನು ಕೊಡುತ್ತೀಯ ಎಂದು ನನಗೆ ನೋಡಬೇಕಾಗಿದೆ. ಮೂವತ್ತು ವರ್ಷದ ಸ್ನೇಹದಲ್ಲಿ ಅಷ್ಟು ಕುತೂಹಲ ಇನ್ನೂ ಉಳಿದಿದೆ.

ಮಣ್ಣಮ್ಮ


ಜೂನ್ ೧೧

ಮಣ್ಣಮ್ಮ,

ಎರಡನೆಯದನ್ನು ಕೊಟ್ಟೆ.

ಎರಡನ್ನೂ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಮೊದಲನೆಯದೇ ಮೇಲಿತ್ತು. ಒಳಗೆ ಹೋದರೆ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ದೋಣಿವಿಹಾರದ ಗುತ್ತಿಗೆದಾರ ಕಾಲು ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಅವನಿಗೆ ಅಲ್ಲೇನು ಕೆಲಸ? ನನ್ನನ್ನು ಕಂಡು ನಕ್ಕ. ಆ ನಗು ನೋಡಿ, ಇವನಿಗೆ ಕೊಳ ಬಿಟ್ಟುಕೊಡಲಾರೆ ಅನ್ನಿಸಿತು. ಹಾಗೆಂದು ನನಗೆ ನಾನು ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವನ ಮುಖ ಕಾಣುವ ಮೊದಲೇ, ಮೆಟ್ಟಿಲು ಹತ್ತುವಾಗಲೇ ನನ್ನ ಕೈ ಎರಡನೆಯ ಕಾಗದವನ್ನು ತಡಕುತ್ತಿತ್ತು. ಹೆದರಿದೆ, ಅಷ್ಟೇ. ಬೇರೆ ಕಾರಣ ಆಮೇಲೆ ಹುಟ್ಟಿತು.

"ಸಿಬ್ಬಂದಿಯೊಬ್ಬನ ಅಜಾಗರೂಕತೆ" ಎಂದು ಆದೇಶ ಬಂತು. ಉದ್ದಣ್ಣನನ್ನು ಕೆಲಸದಿಂದ ತೆಗೆದರು. ಕೋಣೆ ಬಿಡಲು ಐದು ದಿನ ಕೊಟ್ಟರು. ಅವನು ಎರಡೇ ದಿನದಲ್ಲಿ ಬಿಟ್ಟ.

ಕೀಲಿ ಕೊಡಲು ಆಫೀಸಿಗೆ ಬಂದಿದ್ದ. ಗಳವನ್ನು ಬಾಗಿಲ ಮೂಲೆಗೆ ಒರಗಿಸಿ, "ಇದು ಸರ್ಕಾರದ್ದು, ಬರ್ಕೊಳ್ಳಿ ಅಮ್ಮಾವ್ರೆ" ಅಂದ. ಕೂತ್ಕೋ ಅಂದೆ, ಕೂರಲಿಲ್ಲ. "ಅವತ್ತು ಅಧಿಕಾರಿ ಕೇಳ್ದಾಗ ಇಲ್ಲ ಅನ್ನೋಕೆ ಏನಾಗಿತ್ತು ನಿನಗೆ?" ಎಂದು ರೇಗಿದೆ. ನನ್ನ ಭಂಡತನ ನೋಡು, ರೇಗಿದ್ದು ನಾನು! ಅವನು ಹೇಳಿದ:

"ನಾನಲ್ಲ ಅಂದಿದ್ರೆ ಮತ್ಯಾರು ಅಂತ ಕೇಳೋರು. ನಾನು ನೋಡಿದ್ನಲ್ಲ ಅಮ್ಮಾವ್ರೆ. ಜೊಂಡಿನ ಆ ಕಡೆ ಬಲೆ ಬಿಡಿಸ್ತಾ ಕೂತಿದ್ದೆ. ನೀವು ಬೋಗುಣಿ ಹಿಡ್ಕೊಂಡು ಬಂದ್ರಿ. ಕೂಗಿ ಬೇಡ ಅನ್ನೋಣ ಅಂದ್ಕೊಂಡೆ. ನೀವು ಅಳ್ತಾ ಇದ್ರಿ. ಅಳೋರನ್ನ ಹೆಂಗೆ ಕೂಗೋದು? ಆಮೇಲೆ ತೆಗೆದು ಹಾಕಿದ್ರಾಯ್ತು ಅಂದ್ಕೊಂಡೆ. ಮರೆತೆ. ಅಷ್ಟು ನನ್ನ ತಪ್ಪೂ ಇದೆ."

ನಾನು ಕ್ಷಮಿಸು ಅನ್ನಲಿಲ್ಲ ಮಣ್ಣಮ್ಮ. ಕೀಲಿ ತೆಗೆದುಕೊಂಡು ರಿಜಿಸ್ಟರಿನಲ್ಲಿ ಬರೆದುಕೊಂಡೆ. ಅವನು ಗಿಡಗಳನ್ನೆಲ್ಲ ಬಿಟ್ಟು ಒಂದು ಚೀಲ ಹಿಡಿದು ಹೋದ. ಮಗಳ ಮನೆಗೆ ಹೋಗುತ್ತೇನೆ ಅಂದ, ಅದು ನಿನ್ನ ಊರೇ, ರೈಲ್ವೆ ಗೋದಾಮಿನ ಹಿಂದಿನ ವಠಾರವಂತೆ.

ಯಂತ್ರ ಹೋಯಿತು. ದೊಡ್ಡ ಕೊಳದಲ್ಲಿ ಹದಿನೈದು ದಿನ ನೀರು ಕಂಡಿತು. ಈಗ ಮೂಲೆಗಳಲ್ಲಿ ಮತ್ತೆ ಹಸಿರು. ಚಿಕ್ಕ ಕೊಳದಲ್ಲೂ ಚಿಗುರಿದೆ.

ದೊರೆಸಾನಿ


ಜುಲೈ ೨೦

ದೊರೆಸಾನಿ,

ಉದ್ದಣ್ಣನನ್ನು ಹುಡುಕಿಕೊಂಡು ಹೋಗಿದ್ದೆ. ವಠಾರದ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಒಂದೇ ಕೋಣೆ, ಮಗಳು, ಅಳಿಯ, ಮೂರು ಮಕ್ಕಳು, ಹೊಲಿಗೆ ಯಂತ್ರ. ಹಗಲೆಲ್ಲ ಮೆಟ್ಟಿಲೇ ಅವನ ಜಾಗ. ಹತ್ತುವವರಿಗೂ ಇಳಿಯುವವರಿಗೂ ಆ ಉದ್ದದ ಕಾಲು ಮಡಚಿ ದಾರಿ ಕೊಡುತ್ತಾನೆ. ಆದೇಶದ ಸುದ್ದಿ ಪೇಪರಿನಲ್ಲಿ ಬಂದಿತ್ತಂತೆ. ಅಳಿಯ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾನೆ. "ಹುಡುಗೀನ ಮುಳುಗಿಸಿದ ಮಾವ" ಎಂದು ನನ್ನೆದುರೇ ಅಂದ, ತಮಾಷೆಗೆ ಅಂತೆ. ಮಕ್ಕಳೂ ನಕ್ಕವು. ಉದ್ದಣ್ಣನೂ ನಕ್ಕ.

ಮನೆಗೆ ಬಂದವಳೇ ಅಧಿಕಾರಿಗೆ ಬರೆದೆ. ಎಲ್ಲವನ್ನೂ, ಬೋಗುಣಿಯಿಂದ ಹಿಡಿದು. ಹನ್ನೆರಡು ದಿನಕ್ಕೆ ಉತ್ತರ ಬಂತು. ಕಡತ ಮುಗಿದಿದೆ, ಮೇಲಾಗಿ ತಮ್ಮ ಈಗಿನ ಮಾತು ತಾವೇ ಸಹಿ ಮಾಡಿದ ಹಿಂದಿನ ಹೇಳಿಕೆಗೆ ವಿರುದ್ಧವಾಗಿದೆ ಎಂದು. ನಿನ್ನನ್ನು ಪರೀಕ್ಷೆ ಮಾಡಲು ಹೋಗಿ ನಾನು ನನ್ನ ಬಾಯಿಗೇ ಬೀಗ ಹಾಕಿಕೊಂಡೆ. ನೇರವಾಗಿ ಕಳಿಸಿದ್ದರೆ ಆ ಮನುಷ್ಯ ಇವತ್ತು ತನ್ನ ಕೋಣೆಯಲ್ಲಿರುತ್ತಿದ್ದ. ಅದು ನನ್ನ ಪಾಲಿನ ಪಾಪ, ನಿನ್ನ ತಲೆಗೆ ಕಟ್ಟುವುದಿಲ್ಲ.

ಹೋಟೆಲಿನ ಹಿಂದೆ ನಿಜವಾದ ಹುಲ್ಲು ಬೆಳೆದ ಸಣ್ಣ ಜಾಗವೊಂದಿದೆ. ನೋಡಿಕೊಳ್ಳಲು ಒಬ್ಬರು ಬೇಕಂತೆ. ಮ್ಯಾನೇಜರನ ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಹೇಳಿ ಉದ್ದಣ್ಣನ ಹೆಸರು ಕೊಟ್ಟೆ. ಅವನೂ ಪೇಪರು ಓದಿದ್ದ. "ಅವರ ಹಳೇ ಮೇಲ್ವಿಚಾರಕಿ ಏನಂತಾರೆ ಕೇಳ್ತೀನಿ" ಅಂದ. ನಿನಗೆ ಕಾಗದ ಬರುತ್ತದೆ. ಯಾಕೆ ಕೆಲಸ ಬಿಟ್ಟರು, ನಡತೆ ಹೇಗೆ ಎಂದೆಲ್ಲ ಇರುತ್ತದೆ. ಕೊಳದ ವಿಷಯದಲ್ಲಿ ಇವರ ತಪ್ಪಿತ್ತೇ ಎಂದು ನಾನೇ ಹೇಳಿ ಒಂದು ಪ್ರಶ್ನೆ ಸೇರಿಸಿದ್ದೇನೆ.

ಉದ್ದಣ್ಣನಿಗೆ ಕೆಲಸದ ಆಸೆಯೂ ಅಷ್ಟಿಲ್ಲ. "ಕೊಳ ಹಾಳು ಮಾಡ್ದೋನು ನಾನಲ್ಲ ಅಂತ ಅಮ್ಮಾವ್ರು ಒಂದು ಚೀಟಿ ಬರ್ಕೊಟ್ರೆ ಸಾಕು, ಅಳಿಯಂಗೆ ತೋರಿಸ್ತೀನಿ" ಅಂದ. ನೀನೇ ಬಿಟ್ಟೆ ಎಂದು ಬರೆಯಬೇಕಾಗಿಲ್ಲ. ಅದನ್ನೂ ನಾನು ಕೇಳುವುದಿಲ್ಲ. ಅವನ ತಪ್ಪಿಲ್ಲ, ಅಷ್ಟೇ ಬರೆ. ಹೋಟೆಲಿನ ಕಪಾಟಿನಲ್ಲಿ ಬಿದ್ದಿರುವ ಕಾಗದ, ನಿನ್ನ ಅಧಿಕಾರಿ ಅದನ್ನು ಹುಡುಕಿಕೊಂಡು ಬರುವುದಿಲ್ಲ.

ಇದಾದ ಮೇಲೆ ನೀನು ನನಗೆ ಬರೆಯುವುದು ಬೇಡ. ಆ ಕಾಗದವೇ ನನಗೆ ಬರೆದದ್ದು ಎಂದು ತಿಳಿಯುತ್ತೇನೆ.

ಮಣ್ಣಮ್ಮ


ಆಗಸ್ಟ್ ೪

ಮಾನ್ಯ ವ್ಯವಸ್ಥಾಪಕರಿಗೆ,

ತಮ್ಮ ಪತ್ರ ತಲುಪಿದೆ. ನಮ್ಮಲ್ಲಿ ಎಲ್ಲರೂ ಉದ್ದಣ್ಣ ಎಂದು ಕರೆಯುತ್ತಿದ್ದ ಕೆಲಸಗಾರರ ಕುರಿತು ತಾವು ಕೇಳಿರುವ ಪ್ರಶ್ನೆಗಳಿಗೆ ಉತ್ತರ ಈ ಕೆಳಗಿನಂತಿದೆ.

ಇವರು ಹತ್ತೊಂಬತ್ತು ವರ್ಷ ನಮ್ಮ ನಿಸರ್ಗಧಾಮದಲ್ಲಿ ಕೆಲಸ ಮಾಡಿದ್ದಾರೆ. ಪ್ರಾಮಾಣಿಕರು, ಶ್ರಮಜೀವಿ, ಮಿತಭಾಷಿ. ರಜೆ ಹಾಕಿದ್ದು ಬಹಳ ಕಡಿಮೆ. ಗಿಡಗಳ ಆರೈಕೆ ಚೆನ್ನಾಗಿ ಬಲ್ಲರು. ಕಳೆದ ಜನವರಿಯಲ್ಲಿ ನೀರಿಗೆ ಬಿದ್ದ ವಿದ್ಯಾರ್ಥಿನಿಯೊಬ್ಬರನ್ನು ತಮ್ಮ ಪ್ರಾಣದ ಹಂಗು ತೊರೆದು ರಕ್ಷಿಸಿದ್ದಾರೆ. ಮೇಲಧಿಕಾರಿಗಳ ಬಗ್ಗೆ ಇವರಿಗಿರುವ ಗೌರವವನ್ನು ನಾನು ಸ್ವತಃ ಕಂಡಿದ್ದೇನೆ.

ಕೆಲಸ ಬಿಟ್ಟ ಕಾರಣ: ಕೌಟುಂಬಿಕ. ಮಗಳ ಮನೆಯಲ್ಲಿ ನೆಲೆಸುವ ಇಚ್ಛೆಯಿಂದ ಹೋಗಿರುತ್ತಾರೆ.

ತಮ್ಮ ಕೊನೆಯ ಪ್ರಶ್ನೆಗೆ ಸಂಬಂಧಿಸಿದಂತೆ, ಕೊಳಕ್ಕೆ ಆ ಗಿಡ ಯಾರಿಂದ ಬಂತು ಎಂಬುದು ನನಗೆ ತಿಳಿದಿಲ್ಲ.

ತಮ್ಮ ವಿಶ್ವಾಸಿ,
ಮೇಲ್ವಿಚಾರಕಿ, ನಿಸರ್ಗಧಾಮ